ಬಾಮೈದನ ಹೊಟ್ಟೆಯೊಳಗಿನ ಮಂದಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೊನ್ನೆ ಸೋಮವಾರ ಬೆಳಿಗ್ಗೆ, ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ, ನಾನು ಫ್ಲಾಸ್ಕಿಗೆ ಕಾಫಿ ತುಂಬಿಸಿಕೊಳ್ಳಲು ಕೆಳಗೆ ಹೋಗಿದ್ದಾಗ. ಮೇಲೆ ಬಂದರೆ ನರ್ಸಮ್ಮ, "ಎಲ್ಲಿಗೆ ಹೋಗಿದ್ರಿ ಅಜ್ಜಾರೆ?" ಎಂದಳು. ಅದಕ್ಕೆ ಮುಂಚೆ ಯಾರಾದರೂ ನನ್ನನ್ನು ಅಜ್ಜ ಎಂದಿದ್ದರೆ ಜಗಳ ತೆಗೆಯುತ್ತಿದ್ದೆ. ನನಗಿನ್ನೂ ಐವತ್ತೆರಡು. ಅವತ್ತು ಮಾತ್ರ ಕಾಫಿಯನ್ನು ಅವಳಿಗೇ ಕೊಟ್ಟುಬಿಟ್ಟೆ, ಫ್ಲಾಸ್ಕಿನ ಸಮೇತ.

ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಆಟೋದವನಿಗೆ, ಎಳನೀರಿನವಳಿಗೆ, ಎಕ್ಸ್‌ರೇ ಕೋಣೆ ಎಲ್ಲಿ ಎಂದು ಕೇಳಿದ ಕೈಮುರಿದವನಿಗೆ. ಅವನು ಪಾಪ, ಅಂಥ ನೋವಿನಲ್ಲೂ "ಚಲೋ ಆತು ಬಿಡ್ರಿ" ಎಂದ. ಎಸ್‌ಟಿಡಿ ಬೂತಿಗೆ ಹೋಗಿ ಹದಡಿಯ ನೆಂಟರಿಗೆ ಫೋನು ಹಚ್ಚಿದೆ. "ಯಾರ್ರಿ ಮಾತಾಡೋದು?" ಎಂದರು. "ಅಜ್ಜ" ಎಂದೆ. ಆ ಕಡೆ ಫೋನು ಕೈಯಿಂದ ಬಿದ್ದ ಸದ್ದಾಯಿತು. ಅವರ ಮನೆಯ ಅಜ್ಜ ತೀರಿಕೊಂಡು ಹತ್ತು ದಿನವಾಗಿತ್ತೆಂಬುದು ನನಗೆ ಹೊಳೆಯಲಿಲ್ಲ ನೋಡಿ, ಅಷ್ಟು ಸಂತೋಷ!

ಸಂತೋಷ ಹೇಳಿಯಾಯಿತು. ಇನ್ನು ನಾಚಿಕೆಯದ್ದು ಹೇಳಬೇಕು. ಅದು ಸಂತೋಷಕ್ಕಿಂತ ಸ್ವಲ್ಪ ಹೆಚ್ಚೇ ಇದೆ.

ನನ್ನ ಮೊಮ್ಮಗಳಿಗೆ ಇನ್ನೊಬ್ಬ ಅಜ್ಜ ಇದ್ದಾನೆ. ಅವನ ಹೊಟ್ಟೆಯೊಳಗೆ, ಅವನೇ ಹೇಳುವ ಪ್ರಕಾರ, ದಾವಣಗೆರೆ ಹರಿಹರ ಎರಡೂ ಊರು ಸೇರಿಸಿದರೂ ಇಲ್ಲದಷ್ಟು ಮಂದಿ ಸಂಸಾರ ಹೂಡಿದ್ದಾರೆ. ಅವರಿಗೆ ತೊಂದರೆಯಾಗಬಾರದೆಂದು ಅವನು ಮೆಣಸಿನಕಾಯಿ ಬೋಂಡ ಬಿಟ್ಟ. ಅವರ ನಿದ್ದೆ ಕೆಡಬಾರದೆಂದು ಎಡಮಗ್ಗುಲಿಗೆ ಮಲಗುತ್ತಾನೆ. ತನ್ನ ಬಗ್ಗೆ ಹೇಳುವಾಗ "ನಾನು" ಎನ್ನುವುದನ್ನೇ ಬಿಟ್ಟು "ನಾವು" ಎನ್ನುತ್ತಾನೆ. ದಾವಣಗೆರೆ ಬಸ್ಸಿನ ಕಂಡಕ್ಟರು ಒಮ್ಮೆ, "ಎಷ್ಟು ಜನ?" ಎಂದನಂತೆ. ಇವನು, "ಒಂದೇ ಟಿಕೀಟು ಕೊಡ್ರಿ. ಉಳಿದೋರೆಲ್ಲ ಒಳಗದಾರ" ಎಂದ. ಕಂಡಕ್ಟರು ಬಸ್ಸಿನೊಳಗೆಲ್ಲ ಹುಡುಕಿದನಂತೆ.

ಇವನು ನನ್ನ ಹೆಂಡತಿಯ ತಮ್ಮ, ಅಂದರೆ ನನ್ನ ಬಾಮೈದ. ಅವನ ಮಗಳನ್ನೇ ನನ್ನ ಮಗನಿಗೆ ತಂದುಕೊಂಡದ್ದರಿಂದ ಬೀಗನೂ ಹೌದು. ಹರಿಹರದಲ್ಲಿ ಅವನದೊಂದು ಸೈಕಲ್ ಅಂಗಡಿ, ಅವರಪ್ಪ ಇಟ್ಟದ್ದು. ನಾನು ನಿಟ್ಟುವಳ್ಳಿಯವನು. ನಾಲ್ಕನೇ ಇಯತ್ತೆವರೆಗೆ ಓದು, ಅಲ್ಲಿಂದ ಮುಂದೆ ಮಂಡಕ್ಕಿ ಭಟ್ಟಿ. ಮಂಡಕ್ಕಿ ಮೂಟೆಯನ್ನು ನೋಡಿದ್ದೀರಲ್ಲ, ದೂರದಿಂದ ಆನೆಮರಿ, ಎತ್ತಿದರೆ ಹತ್ತಿ. ಓಣಿಯಲ್ಲಿ ನನ್ನ ಮರ್ಯಾದೆಯೂ ಅದೇ ತೂಕದ್ದು. ಅದು ಯಾಕೆಂದು ಮುಂದೆ ಗೊತ್ತಾಗುತ್ತದೆ.

ಬಾಮೈದ ಕುಡಿಯುತ್ತಿದ್ದ. ಕಡಿಮೆಯಲ್ಲ, ಹರಿಹರದಲ್ಲಿ ಹೊಳೆ ದಾಟಿ ಬಂದವರಿಗೆ ಗುಡಿ ತೋರಿಸುವ ಮೊದಲು ಇವನನ್ನು ತೋರಿಸುವಷ್ಟು. ಆದರೆ ಅವನಂಥ ಸಜ್ಜನ ಕುಡುಕನನ್ನು ನಾನು ನೋಡಿಲ್ಲ. ಬೇರೆಯವರು ಕುಡಿದರೆ "ಲೇ" ಅನ್ನುತ್ತಾರೆ, ಇವನು ಕುಡಿದರೆ "ರೀ" ಅನ್ನುತ್ತಿದ್ದ. ದಾರಿಗೆ ಅಡ್ಡ ಮಲಗಿದ ನಾಯಿಗೂ "ಸ್ವಲ್ಪ ಜಾಗ ಬಿಡ್ತೀರೇನ್ರಿ?" ಎಂದು ಕೇಳಿ, ಅದು ಬಿಡದಿದ್ದರೆ ಅದರ ಪಕ್ಕದಲ್ಲೇ ಕೂತು ಕಾಯುತ್ತಿದ್ದ.

ಒಂದು ಸಲ ಹೀಗೆ ಕುಡಿದು ಅಕ್ಕನನ್ನು ನೋಡಲು ನಿಟ್ಟುವಳ್ಳಿಗೆ ಬಂದ. ನಮ್ಮ ಮನೆ ಎಂದುಕೊಂಡು ಎರಡು ಮನೆ ಆಚೆ ಹೊಕ್ಕ. ಕೈಕಾಲು ತೊಳೆದು ಕೂತ. ಆ ಮನೆಯವರು ನಮ್ಮ ನೆಂಟನಲ್ಲವೇ ಎಂದು ಬಡಿಸಿದರು. ಹೊಟ್ಟೆ ತುಂಬ ಉಂಡು, ಎಲೆ ಮುಂದೆ ಕೈಮುಗಿದು, "ಅಕ್ಕ, ಇಷ್ಟು ವರ್ಷಕ್ಕೆ ಇವತ್ತು ನಿನ್ನ ಕೈಗೆ ರುಚಿ ಬಂತು ನೋಡು" ಎಂದನಂತೆ. ತಮ್ಮ ಕುಡಿದು ಬಂದನೆಂದು ನನ್ನ ಹೆಂಡತಿ ಎರಡು ದಿನ ಬೈದಳು. ಆ ಮಾತಿಗೆ ಮಾತ್ರ ಎರಡು ವರ್ಷ ಬೈದಳು.

ಬೈಯುವುದರಲ್ಲಿ ನಾನೂ ಹಿಂದೆ ಬಿದ್ದಿರಲಿಲ್ಲ. "ನಿನ್ನ ಹೆಂಡತಿ ಮುಖ ನೋಡು, ಮಗಳ ಮುಖ ನೋಡು" ಎಂದು ಹಬ್ಬಕ್ಕೊಂದು ಭಾಷಣ ಕೊಡುತ್ತಿದ್ದೆ. ಅವನು ತಲೆ ಬಗ್ಗಿಸಿ ಕೇಳುತ್ತಿದ್ದ. ನೆಂಟರೆಲ್ಲ, "ಭಾವ ಅಂದ್ರ ಹಿಂಗಿರಬೇಕು" ಎನ್ನುತ್ತಿದ್ದರು. ನಾನು ಅದನ್ನು ಕೇಳಿಸಿಕೊಂಡು ಇನ್ನೊಂದು ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಈಗ ಹೇಳಿಬಿಡುತ್ತೇನೆ. ಅವನಿಗೆ ಕುಡಿಯುವುದನ್ನು ಕಲಿಸಿದವನು ನಾನು.

ಇಪ್ಪತ್ತೈದು ವರ್ಷದ ಹಿಂದೆ ನನ್ನ ಮಗ ಹುಟ್ಟಿದ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ಹೆಂಡತಿ ಹರಿಹರದಲ್ಲಿದ್ದಳು. ಸುದ್ದಿ ಬಂದದ್ದೇ ಭಟ್ಟಿ ಬಿಟ್ಟು ಓಡಿದೆ. ಮಗನ ಮುಖ ನೋಡಿದೆ. ಸಂತೋಷ ತಡೆಯಲಾಗಲಿಲ್ಲ. ನನಗಾಗ ಒಂದು ಗುಟ್ಟಿನ ಚಟವಿತ್ತು. ಭತ್ತ ಕೊಳ್ಳುವ ನೆಪದಲ್ಲಿ ಹರಿಹರಕ್ಕೆ ಹೋಗುವುದು, ದಾವಣಗೆರೆಯವರ ಕಣ್ಣಿಗೆ ಬೀಳದಂತೆ ಅಲ್ಲೊಂದು ಗ್ಲಾಸು ಹಾಕುವುದು. ಅವತ್ತು ಒಬ್ಬನೇ ಹೋಗಲು ಮನಸ್ಸಾಗಲಿಲ್ಲ. ಒಬ್ಬನೇ ಕುಡಿದರೆ ಕುಡುಕ, ಇಬ್ಬರು ಕುಡಿದರೆ ಮಾತುಕತೆ, ಅಲ್ಲವೇ? ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ ಬಾಮೈದನನ್ನು ಕರೆದೆ. ಅವನಿಗೆ ಹತ್ತೊಂಬತ್ತು. ಚಹಾ ಬಿಟ್ಟರೆ ಬೇರೆ ಗೊತ್ತಿಲ್ಲ. "ಬ್ಯಾಡ ಭಾವ" ಎಂದ. "ಸೋದರಮಾವ ಆಗೀಯ, ಒಂದು ಗುಟುಕು ಕುಡಿಲಿಲ್ಲಂದ್ರ ಕೂಸಿಗೆ ಅಪಶಕುನ" ಎಂದೆ. ಎಂಥ ಶಾಸ್ತ್ರ ನೋಡಿ! ನಾಲ್ಕನೇ ಇಯತ್ತೆಯವನು ಬರೆದ ಶಾಸ್ತ್ರ.

ಆಮೇಲೆ ನಾಲ್ಕೈದು ವರ್ಷ ನಮ್ಮ ಮಾತುಕತೆ ನಡೆಯಿತು. ಒಂದು ದಿನ ನನಗೆ ಎದೆ ಹಿಡಿದಂತಾಗಿ, ಬರೀ ಗ್ಯಾಸೆಂದು ಆಮೇಲೆ ಗೊತ್ತಾದರೂ, ಹೆದರಿ ಬಿಟ್ಟುಬಿಟ್ಟೆ. ನನಗೆ ಬಿಡುವುದು ಸುಲಭವಾಯಿತು. ಅವನಿಗೆ ಆಗಲಿಲ್ಲ. ಅದು ಯಾಕೆ ಹಾಗೆ, ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದದ್ದು ಒಂದೇ, ನನ್ನ ಭಾಷಣ ಶುರುವಾದದ್ದು ಅದರ ಮರುವರ್ಷದಿಂದ.

ಹೋದ ವರ್ಷ ಅವನ ಹೊಟ್ಟೆ ಉಬ್ಬಿತು. ಕಣ್ಣು ಅರಿಶಿನವಾಯಿತು. ಮೇಲಿಂದ ಮೇಲೆ ಜ್ವರ. ಅವನ ಹೆಂಡತಿ ಅಳುತ್ತ ಫೋನು ಮಾಡಿದಳು. ನಾನೇ ದಾವಣಗೆರೆಗೆ ಕರೆತಂದು ಡಾಕ್ಟರಿಗೆ ತೋರಿಸಿದೆ. ಹೊಟ್ಟೆಯಿಂದ ನೀರು ತೆಗೆದರು, ಹದಿನೈದು ದಿನ ಮಲಗಿಸಿಕೊಂಡರು. ಎದ್ದು ಕೂರುವಂತಾದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳಿದರು.

"ನೋಡ್ರಿ, ಕರುಳಿಂದ ಹೊರಡೋ ರಕ್ತ ಮೊದಲು ಲಿವರಿಗೇ ಹೋಗೋದು. ನಿಮ್ಮ ಭತ್ತದ ಮಂಡಿಗೆ ಗೇಟ್ ಇದ್ದಂಗೆ. ಅಲ್ಲಿ ಕಾವಲುಗಾರ ಕಣಗಳು ಅದಾವೆ. ಕೆಟ್ಟ ಕ್ರಿಮಿ ಬಂದ್ರೆ ಅಲ್ಲೇ ಹಿಡಿದು ಮುಗಿಸ್ತಾವೆ. ನೀವು ಇಪ್ಪತ್ತೈದು ವರ್ಷ ಆ ಕಾವಲುಗಾರರಿಗೆ ಕುಡಿಸೀರಿ."

"ಅವರೂ ಕುಡಿತಾರೇನ್ರಿ ಸಾರ್?" ಬಾಮೈದ ಕೇಳಿದ.

"ನೀವು ಕುಡಿದಿದ್ದೆಲ್ಲ ಅವರ ಮುಂದೇ ಹೋಗೋದು."

"ಪಾಪ" ಎಂದ ಇವನು. ತನ್ನ ಬಗ್ಗೆ ಅಲ್ಲ, ಕಾವಲುಗಾರರ ಬಗ್ಗೆ.

ಡಾಕ್ಟರು ಮುಂದುವರಿಸಿದರು. ಕುಡಿತ ಕರುಳಿನ ಗೋಡೆಯನ್ನೂ ಸಡಿಲ ಮಾಡಿದೆ, ಒಳಗಿನ ಕೆಟ್ಟ ಕ್ರಿಮಿ ಸಂದಿಯಲ್ಲಿ ನುಸುಳಿ ರಕ್ತಕ್ಕೆ ಬರುತ್ತಿವೆ, ತಡೆಯುವ ಶಕ್ತಿ ಕುಗ್ಗಿದೆ, ಅದಕ್ಕೇ ಈ ಜ್ವರ. ಕರುಳಿನಲ್ಲಿ ಒಳ್ಳೆಯ ಕ್ರಿಮಿಗಳೂ ಇರುತ್ತವೆ, ಮೊಸರು ಮಾಡುತ್ತವಲ್ಲ ಅಂಥ ಜಾತಿಯವು, ಅವು ಹೆಚ್ಚಾದರೆ ಕೆಟ್ಟವಕ್ಕೆ ಜಾಗ ಸಿಗುವುದಿಲ್ಲ. ಅಂಥವು ತುಂಬಿದ ಕ್ಯಾಪ್ಸೂಲು ಬರೆದುಕೊಡುತ್ತೇನೆ ಎಂದರು.

"ಇದರಿಂದ ಗುಣ ಆಗ್ತೈತಾ ಸಾರ್?" ಎಂದೆ ನಾನು.

"ಖಾತ್ರಿ ಹೇಳಲ್ಲ. ಹೊರದೇಶದಾಗ ಇನ್ನೂ ನೋಡ್ತಾ ಇದಾರೆ. ಇದು ಕೈಜೋಡಿಸೋ ಆಳು ಅಷ್ಟೇ, ಯಜಮಾನ ಅಲ್ಲ. ಯಜಮಾನ ಅಂದ್ರೆ ಕುಡಿಯೋದು ಬಿಡೋದು. ಅದು ಬಿಡದೆ ಕೊಡಗಟ್ಲೆ ಮೊಸರು ಕುಡಿದ್ರೂ ಉಪಯೋಗಿಲ್ಲ." ಆಮೇಲೆ ಪೆನ್ನು ಎತ್ತಿಕೊಂಡು, "ಅಂದಹಾಗೆ, ಶುರು ಹೆಂಗಾತು ಇದು?" ಎಂದು ಕೇಳಿದರು.

ಬಾಮೈದ ನನ್ನ ಕಡೆ ನೋಡಲಿಲ್ಲ. "ಗೆಳೆಯರ ಸಹವಾಸ ಸಾರ್" ಎಂದ.

ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತೆಂದು ಹುಡುಕಿದೆ.

ಹೊರಡುವಾಗ ನಾನೊಬ್ಬನೇ ಹಿಂದೆ ಉಳಿದು, ಈ ಕಾಮಾಲೆ ಮನೆಯ ಮಕ್ಕಳುಮರಿಗೆ ಹತ್ತುತ್ತದೆಯೇ ಎಂದು ಕೇಳಿದೆ. ಡಾಕ್ಟರು ನಕ್ಕರು. "ಇವರದು ಕುಡಿದು ಬಂದದ್ದು. ಅಂಟೋದಲ್ಲ. ಇವರಿಂದ ನಿಮಗೇನೂ ಇಲ್ಲ. ನಿಮ್ಮ ನೆಗಡಿ ಕೆಮ್ಮು ಇವರಿಗೆ ಹತ್ತದಂಗೆ ನೋಡ್ಕೊಳ್ರಿ. ಇವರ ಬೇಲಿ ಮುರಿದೈತೆ" ಎಂದರು. ಈ ಮಾತನ್ನು ನಾನು ಮನೆಯಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಅವನ ಕುಡಿತದ ಮಾತು ತೆಗೆದರೆ ಅದು ಹಿಂದಕ್ಕೆ ಹಿಂದಕ್ಕೆ ಹೋಗಿ ಎಲ್ಲಿ ನಿಲ್ಲುತ್ತದೋ ಎಂಬ ಭಯ ನನಗೆ.

ಅಲ್ಲಿಂದ ಶುರುವಾಯಿತು ನೋಡಿ ಬಾಮೈದನ ಹೊಟ್ಟೆಯ ಸಂಸಾರ. ಕುಡಿಯುವುದು ಅವತ್ತಿಗೆ ನಿಂತಿತು. ಕೈ ನಡುಗಿತು, ಬೆವರಿದ, ಅತ್ತ, ಆದರೆ ಕುಡಿಯಲಿಲ್ಲ. "ಒಳಗ ಮಂದಿ ಬಂದಾರ ಭಾವ. ಮನಿಗೆ ಬಂದೋರ ತಲಿ ಮ್ಯಾಲೆ ಹೆಂಗ ಸುರೀಲಿ?" ಎನ್ನುತ್ತಿದ್ದ. ಯಾರ ಬೋಧನೆಗೂ ಬಿಡದವನು ಕಣ್ಣಿಗೆ ಕಾಣದ ನೆಂಟರ ಮರ್ಯಾದೆಗೆ ಬಿಟ್ಟ!

ಕ್ಯಾಪ್ಸೂಲಿನಲ್ಲಿ ಮೊಸರಿನ ಜಾತಿಯವರೇ ಇರುವುದಾದರೆ ಇದನ್ನೇ ಹೆಪ್ಪು ಮಾಡಿ ಮನೆಮಂದಿಗೆಲ್ಲ ಕೊಡಬಹುದಲ್ಲ ಎಂದು ಅವನ ತಲೆಗೆ ಹೊಳೆಯಿತು. ಒಂದನ್ನು ಬಿಚ್ಚಿ, ಉಗುರುಬೆಚ್ಚಗಿನ ಹಾಲಿಗೆ ಉದುರಿಸಿ, ಮುಚ್ಚಿಟ್ಟ. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇದೆ. ಪಾತ್ರೆ ಹಿಡಿದುಕೊಂಡು ಬಸ್ಸಿನಲ್ಲಿ ಡಾಕ್ಟರ ಹತ್ತಿರ ಬಂದ.

"ಸಾರ್, ನಿಮ್ಮ ಮಂದಿ ಕೆಲಸಕ್ಕೆ ಬರಲಿಲ್ರಿ."

ಡಾಕ್ಟರು ಪಾತ್ರೆ ನೋಡಿ, "ಇವರದು ಹಾಲು ಹೆಪ್ಪಾಕೋ ಕೆಲಸ ಅಲ್ರಿ. ಇವರು ಕರುಳಿನ ಡ್ಯೂಟಿಯವರು" ಎಂದರು.

"ಅಂದ್ರ ಬೇರೆ ಡಿಪಾರ್ಟ್‌ಮೆಂಟು" ಎಂದು ಇವನು ಒಪ್ಪಿಕೊಂಡ. ಅವತ್ತಿನಿಂದ ಅವನ ಲೆಕ್ಕದಲ್ಲಿ ಎರಡು ಬಗೆ: ಕ್ಯಾಪ್ಸೂಲಿನವರು ವರ್ಗವಾಗಿ ಬಂದ ಆಫೀಸರುಗಳು, ಮನೆ ಮೊಸರಿನವರು ಸ್ಥಳೀಕರು. ಎರಡೂ ಪಾರ್ಟಿ ಹೊಂದಿಕೊಂಡು ಹೋಗಲಿ ಎಂದು ಬೆಳಿಗ್ಗೆ ಒಬ್ಬರಿಗೆ, ಮಧ್ಯಾಹ್ನ ಒಬ್ಬರಿಗೆ ಸಮಯ ಹಂಚಿದ.

ಇನ್ನೊಂದು ದಿನ ಅವನ ಹೆಂಡತಿ ಮಜ್ಜಿಗೆ ಸಾರು ಮಾಡಿದಳು. ಎರಡು ಬಟ್ಟಲು ಕುಡಿದು, ಅಂಗಡಿಗೆ ಹೋಗಿ ಅದನ್ನೇ ಹೇಳಿಕೊಂಡ. ಅಲ್ಲಿಗೆ ಬಂದಿದ್ದ ಯಾರೋ ಕಾಲೇಜಿನ ಮೇಷ್ಟ್ರು, "ಕುದಿಸಿದ್ರೆ ಆ ಜೀವಿಗಳೆಲ್ಲ ಸತ್ತುಹೋಗ್ತಾವ್ರೀ" ಎಂದುಬಿಟ್ಟರು. ಬಾಮೈದ ಕೈಯಲ್ಲಿದ್ದ ಪಂಪು ಕೆಳಗಿಟ್ಟ. ಅಂಗಡಿ ಬಾಗಿಲು ಎಳೆದ. ಹೊಳೆಗೆ ಹೋಗಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಮನೆಗೆ ಬಂದ, ಮಣ್ಣು ಮಾಡಿ ಬಂದವರ ಹಾಗೆ. "ಯಾರು ಹೋದ್ರಿ?" ಎಂದು ಗಾಬರಿಯಿಂದ ಓಣಿಯವರು ಕೇಳಿದರೆ, "ಭಾಳ ಮಂದಿ" ಎಂದನಂತೆ.

ಆಮೇಲೆ ಹೆಪ್ಪು ದಾನ. ಚಿಕ್ಕ ಸ್ಟೀಲ್ ಡಬ್ಬಿಯಲ್ಲಿ ಮೊಸರು ಹಾಕಿಕೊಂಡು, ಸೀಟು ಖಾಲಿ ಇದ್ದರೂ ಕೂರದೆ, ಕುಲುಕಬಾರದೆಂದು ಹರಿಹರದಿಂದ ದಾವಣಗೆರೆವರೆಗೆ ಎರಡೂ ಕೈಯಲ್ಲಿ ಹಿಡಿದು ನಿಂತೇ ಬಂದ. "ಅಕ್ಕ, ಇದರಾಗ ಹೆಪ್ಪು ಹಾಕು. ರೋಗ ಹತ್ತಲ್ಲ" ಎಂದ. ನನ್ನ ಹೆಂಡತಿ, "ಕುಡುಕನ ಮನಿ ಹೆಪ್ಪು ನಮಗ್ಯಾಕ" ಎಂದು ಡಬ್ಬಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟಳು. ಬೆಕ್ಕು ಕುಡಿಯಿತು. ಅದಾದ ಮೇಲೆ ಆ ಬೆಕ್ಕು ಓಣಿಯ ಮೂರು ನಾಯಿಗಳನ್ನು ಓಡಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದನ್ನೂ ಹೆಂಡತಿಗೆ ಹೇಳಲಿಲ್ಲ. ನನ್ನ ಹೊಟ್ಟೆಯಲ್ಲಿ ಇರುವುದೆಲ್ಲ ಇಂಥವೇ, ಹೇಳದೆ ಉಳಿದವು.

ಇಷ್ಟು ಹೊತ್ತು ನಗಿಸಿದೆ. ಇನ್ನು ನಗುವುದು ನಿಮಗೆ ಬಿಟ್ಟದ್ದು.

ಸೊಸೆ ಬಸುರಿಯಾದಳು. ಅವಳೂ ಚೊಚ್ಚಲು. ತವರು ಹರಿಹರ. ಬಾಮೈದ ಒಂದು ಕೋಣೆಗೆ ತಾನೇ ಸುಣ್ಣ ಹೊಡೆದ. ಸ್ನಾನದ ಹಂಡೆಗೆ ಕಲಾಯಿ ಹಾಕಿಸಿದ. ಸೈಕಲ್ಲಿನ ಎರಡು ಗಾಲಿ ಹಚ್ಚಿ, ಸದ್ದಿಲ್ಲದೆ ತೂಗುವ ತೊಟ್ಟಿಲು ಮಾಡಿದ. ಒಂಬತ್ತು ತುಂಬುವ ಮೊದಲು ಮಗಳನ್ನು ಕರೆದೊಯ್ಯಲು ಬಾಡಿಗೆ ಕಾರು ತಂದ. ಬಸ್ಸಾದರೆ ಕುಲುಕುತ್ತದಲ್ಲ.

ಪಡಸಾಲೆಯಲ್ಲಿ ಕೂತ. ಅಕ್ಕ ಬಾಗಿಲ ಹತ್ತಿರ ನಿಂತಳು. ನಾನು ಅಡಿಕೆ ಕಡಿಯುತ್ತಿದ್ದೆ.

"ಅಕ್ಕ, ಮಗಳನ್ನ ಕಳಿಸು. ತವರಿಗೆ ಕರ್ಕೊಂಡು ಹೋಗ್ತೀನಿ."

"ಯಾವ ತವರು?"

"ಅದೇ. ನಿನ್ನದೂ ಅದೇ ಅಲ್ಲೇನು."

"ನಾ ಇದ್ದಾಗ ಅದು ಮನಿ ಆಗಿತ್ತು. ನೀ ಅದನ್ನ ಏನು ಮಾಡೀಯ ಅಂತ ಊರಿಗೆಲ್ಲ ಗೊತ್ತೈತೆ. ಆ ಮನಿಯಿಂದ ಹುಡುಗೀನ ಪಾರು ಮಾಡಿ ತಂದೀನಿ. ಮತ್ತ ಅಲ್ಲಿಗೇ ಕಳಿಸ್ಲೇನು?"

"ಹನ್ನೊಂದು ತಿಂಗಳಾತು ಅಕ್ಕ. ಒಂದು ಹನಿ ಮುಟ್ಟಿಲ್ಲ."

"ಹನ್ನೆರಡನೇ ತಿಂಗಳು ಐತಲ್ಲ."

ಅವಳೇ ಮುಂದುವರಿಸಿದಳು. "ನಿನ್ನ ಕಣ್ಣು ಇನ್ನೂ ಹಳದಿ ಐತೆ. ಆ ರೋಗ ಕೂಸಿಗೆ ಹತ್ತಿದ್ರ ಯಾರು ಜವಾಬ್ದಾರಿ?"

ಆಗ ಅವನು ನನ್ನ ಕಡೆ ನೋಡಿದ. ಬೈಯುವ ನೋಟವಲ್ಲ. ಡಾಕ್ಟರು ಏನಂದರೆಂದು ಭಾವನಿಗೆ ಗೊತ್ತಿರುತ್ತದೆ, ಹೇಳುತ್ತಾನೆ ಎಂದು ಕಾಯುವ ನೋಟ. ಅಡಿಕೆ ಆಗಲೇ ಹಿಟ್ಟಾಗಿತ್ತು. ನಾನು ಇನ್ನೂ ಕಡಿಯುತ್ತಿದ್ದೆ.

ಸೊಸೆ ಒಳಗಿನಿಂದ ಬಂದು ಅಪ್ಪನ ಕೈಗೆ ಚಹಾ ಕೊಟ್ಟಳು. ಅವನು ಚಹಾ ಕುಡಿದು ಎದ್ದ. ಕಾರಿನವರೆಗೆ ಹೋದೆ.

"ಯಾಕ ಹೇಳಲಿಲ್ಲ ನೀನು?" ಎಂದೆ.

"ಏನು?"

"ಮೊದಲನೇ ಗ್ಲಾಸು ಯಾರು ಕೊಟ್ಟಿದ್ದು ಅಂತ. ಇಷ್ಟು ವರ್ಷ ನಾ ಬೈದೆ. ಒಂದಿನ ಆದ್ರೂ ಹೇಳಬಹುದಿತ್ತಲ್ಲ."

"ಹೇಳಿದ್ರ ಅಕ್ಕಗ ಇಬ್ಬರು ಕುಡುಕರಾಗ್ತಾರ ಭಾವ" ಎಂದ. "ಒಬ್ಬನೇ ಸಾಕಾಗೇನಿ ಆಕಿಗೆ."

ಡ್ರೈವರು, "ಖಾಲಿ ಹೋಗೋದೇನ್ರಿ?" ಎಂದು ಕೇಳಿದ. "ಖಾಲಿ ಎಲ್ಲಪ್ಪ, ಎಷ್ಟು ಮಂದಿ ಅದೀವಿ. ನಡಿ" ಎಂದು ಹಿಂದಿನ ಸೀಟಿನಲ್ಲಿ ಕೂತ. ಮಗಳಿಗೆಂದು ತಂದಿಟ್ಟಿದ್ದ ದಿಂಬು ಅವನ ಪಕ್ಕದಲ್ಲಿತ್ತು.

ಹಾಗಾಗಿ ಮೊಮ್ಮಗಳು ದಾವಣಗೆರೆಯಲ್ಲೇ ಹುಟ್ಟಿದಳು. ಸೋಮವಾರ ಮಧ್ಯಾಹ್ನದ ಹೊತ್ತಿಗೆ ಬಾಮೈದನೂ ಅವನ ಹೆಂಡತಿಯೂ ಬಂದರು. ಅವನ ಹೆಂಡತಿ ಒಳಗೆ ಹೋದಳು. ಅವನು ಮೂಗುಬಾಯಿಗೆ ಕರ್ಚೀಫು ಕಟ್ಟಿಕೊಂಡು ಕಾರಿಡಾರಿನಲ್ಲಿ ನಿಂತ. ಬಾಗಿಲು ತೆರೆದಾಗಲೆಲ್ಲ ಕುತ್ತಿಗೆ ಉದ್ದ ಮಾಡುತ್ತಿದ್ದ. ನನ್ನ ಹೆಂಡತಿ ಒಮ್ಮೆ ಹೊರಗೆ ಬಂದು, "ಅಲ್ಲೇ ದೂರ ನಿಂತ್ಕ" ಎಂದಳು. ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದು ಗೋಡೆಗೆ ಅಂಟಿಕೊಂಡ. ಹಾದುಹೋಗುತ್ತಿದ್ದ ಆಯಾಳನ್ನು ಕರೆದು, "ಕೂಸಿನ ಕಿವಿ ಯಾರ ಹಂಗೈತ್ರಿ?" ಎಂದು ಕೇಳಿದ. ಅವಳಿಗೇನು ಗೊತ್ತು? "ಕಿವಿ ಅದಾವ್ರಿ ಎರಡೂ" ಎಂದು ಹೋದಳು. ಅಷ್ಟಕ್ಕೇ ಇವನು ಕಣ್ಣೊರೆಸಿಕೊಂಡ.

ನಾನಾಗ ಆ ಕೈಮುರಿದವನಿಗೂ ಸುದ್ದಿ ಹೇಳಿ ಪೇಡೆ ತಿನ್ನಿಸಿ ಮೇಲೆ ಬರುತ್ತಿದ್ದೆ. ಮೊಮ್ಮಗಳನ್ನು ನಾನು ಅಷ್ಟರಲ್ಲಿ ನಾಲ್ಕು ಸಲ ಎತ್ತಿಕೊಂಡಿದ್ದೆ. ಅವನು ಒಂದು ಸಲವೂ ಇಲ್ಲ. ಪೇಡೆ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ನಿಂತುಬಿಟ್ಟೆ.

ಹೆಂಡತಿ ಹಿಂಭಾಗದ ನಲ್ಲಿಯಲ್ಲಿ ಕೂಸಿನ ಬಟ್ಟೆ ಹಿಂಡುತ್ತಿದ್ದಳು. ಅಲ್ಲಿಗೆ ಹೋದೆ.

"ಒಂದು ಮಾತು ಐತೆ."

"ಹೆಸರು ಹುಡುಕಿದ್ರಾ?"

"ಅದಲ್ಲ. ನಿನ್ನ ತಮ್ಮಗ ಕುಡಿಯೋದು ಕಲಿಸಿದ್ದು ನಾನು."

ಅವಳು ಹಿಂಡುವುದನ್ನು ನಿಲ್ಲಿಸಲಿಲ್ಲ. "ಯಾವಾಗ?"

"ನಮ್ಮ ಮಗ ಹುಟ್ಟಿದ ದಿನ. ಹರಿಹರದಾಗ."

ನಲ್ಲಿ ನಿಲ್ಲಿಸಿದಳು. "ಅವತ್ತು ಅವನ ಬಾಯಿ ವಾಸನಿ ಬಂದಿತ್ತು" ಎಂದಳು. "ನಾ ಕೇಳಿದ್ದೆ. ಪಂಕ್ಚರ್ ಸೊಲ್ಯೂಷನ್ ವಾಸನಿ ಅಂದ್ರಿ ನೀವು."

"ಹೂಂ."

"ಇಪ್ಪತ್ತೈದು ವರ್ಷ ಅವನನ್ನ ಬೈದೀನಿ. ಬೈಯೋವಾಗ ನೀವು ಪಕ್ಕದಾಗ ಕೂತು ಅಡಿಕೆ ಕಡಿತಿದ್ರಿ."

ಹೇಳಲು ಉಳಿದಿದ್ದ ಇನ್ನೊಂದನ್ನು ಹೇಳಿದೆ. "ಆ ಕಾಮಾಲೆ ಕೂಸಿಗೆ ಹತ್ತೋದಲ್ಲ. ಡಾಕ್ಟರು ಹೋದ ವರ್ಷನೇ ಹೇಳಿದ್ರು. ನಾವು ಅವನಿಗೆ ರೋಗ ಹತ್ತಿಸಬಾರದು ಅಷ್ಟೇ."

"ಅದೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬಟ್ಟೆ ಹರವಿದಳು. ಕೈ ಒರೆಸಿಕೊಂಡಳು. ನನ್ನ ಕೈಯಲ್ಲಿದ್ದ ಪೇಡೆ ಡಬ್ಬಿಯನ್ನು ತೆಗೆದುಕೊಂಡು, ಮುಚ್ಚಳ ಹಾಕಿ, ಕಂಕುಳಲ್ಲಿಟ್ಟುಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು.

ಕಾರಿಡಾರಿನಲ್ಲಿ ತಮ್ಮನ ಮುಂದೆ ನಿಂತು, "ಕೈ ತೊಳ್ಕೊಂಡು ಒಳಗ ಬಾ" ಎಂದಳು.

"ಬ್ಯಾಡ ಅಕ್ಕ, ಕೂಸಿಗೆ—"

"ತೊಳ್ಕೊ ಅಂದೆ."

ಅವನು ಮೊಣಕೈವರೆಗೆ ಮೂರು ಸಲ ಸೋಪು ಹಚ್ಚಿ ತೊಳೆದ. ಸೈಕಲ್ಲಿನ ಗ್ರೀಸು ಉಗುರ ಸಂದಿಯಲ್ಲಿ ಉಳಿದಿದೆಯೆಂದು ನಾಲ್ಕನೆಯ ಸಲ ತೊಳೆದ. ಒಳಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತ. ಅಕ್ಕ ಕೂಸನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿದಳು. ಅವನು ಉಸಿರು ಬಿಡಲೂ ಹೆದರಿ ಹಾಗೇ ಕೂತಿದ್ದ. ಆಮೇಲೆ ಬಹಳ ಮೆಲ್ಲಗೆ ಮಗಳಿಗೆ ಹೇಳಿದ, "ಡಾಕ್ಟರನ್ನ ಕೇಳಿದ್ದೆ ಕಣವ್ವ. ಹುಟ್ಟಿದ ಕೂಸಿನ ಹೊಟ್ಟಿ ಖಾಲಿ ಊರಿದ್ದಂಗಂತೆ. ಇವತ್ತಿಂದ ಒಬ್ಬೊಬ್ಬರೇ ಬಂದು ಸೇರ್ತಾರಂತೆ. ಎತ್ತಿಕೊಂಡೋರ ಕೈಯಿಂದನೂ ಬರ್ತಾರಂತೆ."

ಸೊಸೆ, "ಹಂಗಾದ್ರ ಗಟ್ಟಿ ಹಿಡ್ಕೊಳ್ರಿ ಅಪ್ಪಾಜಿ" ಎಂದಳು.

ಹೆಂಡತಿ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಅಲ್ಲಿಂದಲೇ, "ಗುರುವಾರ ಬಿಡ್ತಾರಂತೆ. ಹರಿಹರಕ್ಕೆ ಕಾರು ಎಷ್ಟೊತ್ತಿಗೆ ತರ್ತೀಯ?" ಎಂದು ಕೇಳಿದಳು. ಬಾಮೈದ ಕೂಸಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಅವನ ಹೆಂಡತಿಯೇ, "ಬೆಳಿಗ್ಗೆನೇ ತರ್ತೀವಿ ಅತ್ತಿಗಿ" ಎಂದಳು.

ಸಂಜೆ ಅಡಿಗೆ ಮಾಡಿಕೊಂಡು ಬರುತ್ತೇನೆಂದು ನನ್ನ ಹೆಂಡತಿ ಮನೆಗೆ ಹೊರಟಳು. ನನ್ನನ್ನು ಕರೆಯಲಿಲ್ಲ. ಹೋಗುವಾಗ ತಮ್ಮನ ಹೆಂಡತಿಯನ್ನು ಬದಿಗೆ ಕರೆದು ಏನೋ ಕೇಳಿಕೊಂಡು ಹೋದಳು.

ದೀಪ ಹಚ್ಚುವ ಹೊತ್ತಿಗೆ ದೊಡ್ಡ ಕ್ಯಾರಿಯರು ಹೊತ್ತು ಬಂದಳು. ಸೊಸೆ ಮಂಚದ ಮೇಲೆ, ನಾವೆಲ್ಲ ಕೆಳಗೆ ಚಾಪೆ ಹಾಸಿಕೊಂಡು ಕೂತೆವು. ಮಗ, ಬಾಮೈದ, ಅವನ ಹೆಂಡತಿ, ನಾನು. ಕೂಸು ಮಲಗಿತ್ತು. ಮದುವೆಯಾದಾಗಿನಿಂದ ನನ್ನ ಹೆಂಡತಿ ಮೊದಲು ಬಡಿಸುವುದು ನನಗೆ. ಅವತ್ತು ಮೊದಲು ತಮ್ಮನಿಗೆ ಬಡಿಸಿದಳು, ಕೊನೆಗೆ ನನಗೆ.

ಮಗ ಒಂದು ತುತ್ತು ಬಾಯಿಗಿಟ್ಟು, "ಅವ್ವ, ಸಾರಿಗೆ ಉಪ್ಪೇ ಹಾಕಿಲ್ಲ" ಎಂದ.

"ಪಲ್ಯಕ್ಕೂ ಹಾಕಿಲ್ಲ" ಎಂದಳು ಅವಳು. "ಉಣ್ಣು."

ಬಾಮೈದನಿಗೆ ಹೊಟ್ಟೆಯಲ್ಲಿ ನೀರು ತುಂಬಿದಾಗಿನಿಂದ ಉಪ್ಪು ಬಂದ್. ಎಲ್ಲಿಗೆ ಹೋದರೂ ಸಪ್ಪೆ ಊಟದ ಡಬ್ಬಿಯನ್ನು ಅವನ ಹೆಂಡತಿ ಬೇರೆ ತರುತ್ತಿದ್ದಳು. ಅವತ್ತು ಆ ಡಬ್ಬಿ ಚೀಲದಿಂದ ಹೊರಗೆ ಬರಲಿಲ್ಲ. ಅವನು ತಟ್ಟೆ ನೋಡಿದ, ನಮ್ಮೆಲ್ಲರ ತಟ್ಟೆ ನೋಡಿದ, ಅಕ್ಕನ ಮುಖ ನೋಡಿದ. ತಲೆ ಬಗ್ಗಿಸಿ ಉಂಡ. ಎಲ್ಲರೂ ಉಂಡರು. ಉಪ್ಪು ಕೇಳಿದ ಮಗನೂ ಎರಡನೆಯ ಸಲ ಹಾಕಿಸಿಕೊಂಡ.

ನನ್ನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

"ಅಕ್ಕ" ಎಂದ ಬಾಮೈದ, "ಭಾವ ಬೆಳಿಗ್ಗಿಂದ ಏನೂ ತಿಂದಿಲ್ಲ. ಅವರಿಗೆ ಇನ್ನೊಂಚೂರು ಬಿಸಿ ಸಾರು ಹಾಕು."

ಅವಳು ನನ್ನ ಮುಖ ನೋಡದೆ ಒಂದು ಸೌಟು ಹಾಕಿದಳು. ನಾನು ಕಲಸಿಕೊಂಡು ಉಂಡೆ.